ಹೊಸ ಕಾಲದ ಅಂತೇವಾಸಿಗಳು

ಕಾಲೇಜಿನಲ್ಲಿ ಓದುವ ಮಕ್ಕಳಿರುವ ಮನೆಗಳಲ್ಲಿ ಈಚೆಗೆ ‘ಇಂಟರ್ನ್‌ಷಿಪ್’ ಎಂಬ ಮಾತು ಮದುವೆ ಮುಂಜಿಗಳ ಮಾತಿನಷ್ಟೇ ಬಳಕೆಗೆ ಬಂದಿದೆ. ತಂದೆಗೆ ಅದು ಖರ್ಚಿನ ಹೊಸದೊಂದು ಬಾಬು. ತಾಯಿಗೆ ಪರಸ್ಥಳದಲ್ಲಿ ಮಗುವಿನ ಊಟ ವಸತಿಗಳ ಚಿಂತೆ. ಮಗುವಿಗೆ, ಪರೀಕ್ಷೆಯ ಅಂಕಪಟ್ಟಿಯೊಡನೆ ಲಗತ್ತಿಸಬೇಕಾದ ಇನ್ನೊಂದು ಸರ್ಟಿಫಿಕೇಟು. ಹೀಗೆ ಮೂವರೂ ಮೂರು ವಿಧವಾಗಿ ಯೋಚಿಸುತ್ತಿರುವಾಗ, ಯಾವುದಕ್ಕಾಗಿ ಇದೆಲ್ಲ ಏರ್ಪಟ್ಟಿತೋ ಆ ವಿದ್ಯೆಯ ಮಾತು ಮಾತ್ರ ಯಾರ ಬಾಯಲ್ಲಿಯೂ ಬರುವುದಿಲ್ಲ. ಮಕ್ಕಳಿಗೆ ಪಾಠ ಹೇಳುತ್ತ ಆಯುಷ್ಯದ ಬಹುಭಾಗವನ್ನು ಕಳೆದವನಾದುದರಿಂದ, ಆ ಮರೆತ ಮಾತನ್ನು ಗೃಹಸ್ಥರ ಮುಂದಿಡುವುದು ನನ್ನ ಪಾಲಿಗೆ ಬಂದಿದೆಯೆಂದು ಭಾವಿಸಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಪದ ಹೊಸದಾದರೂ ಪದಾರ್ಥ ಹೊಸದಲ್ಲ. ನಮ್ಮ ಅಜ್ಜಂದಿರ ಕಾಲದ ಕಚೇರಿಗಳಲ್ಲಿ ‘ಉಮೇದುವಾರ’ರೆಂಬವರಿದ್ದರು. ಸಂಬಳವಿಲ್ಲದೆ ಕಾಗದಪತ್ರಗಳನ್ನು ನಕಲು ಮಾಡುತ್ತ, ಗುಮಾಸ್ತರ ಜಾಗವೊಂದು ಎಂದಾದರೂ ಖಾಲಿಯಾದೀತೆಂದು ಕಾಯುತ್ತಿದ್ದವರು ಅವರು. ಉಮೇದು ಎಂದರೆ ಆಸೆ. ಆಸೆಯೇ ಅವರ ಸಂಬಳ. ಇದಕ್ಕಿಂತಲೂ ಹಳೆಯದೂ ಗೌರವದ್ದೂ ಆದ ಪದವೊಂದು ಸಂಸ್ಕೃತದಲ್ಲಿದೆ: ಅಂತೇವಾಸಿ. ‘ಅಂತೇ’ ಎಂದರೆ ಸಮೀಪದಲ್ಲಿ, ‘ವಾಸಿ’ ಎಂದರೆ ಇರುವವನು. ಗುರುವಿನ ಹತ್ತಿರ ಇದ್ದು ಕಲಿಯುವವನು. ಪೂರ್ವಪದದ ವಿಭಕ್ತಿ ಅಳಿಯದೆ ಉಳಿದಿರುವ ಇಂತಹ ಸಮಾಸವನ್ನು ವೈಯಾಕರಣರು ‘ಅಲುಕ್’ ಎನ್ನುತ್ತಾರೆ. ಮತ್ತೊಂದರ ಜೊತೆಗೆ ಸೇರಿದರೂ ತನ್ನತನವನ್ನು ಬಿಟ್ಟುಕೊಡದ ಪದ ಅದು. ಕೆಲಸ ಕಲಿಯಹೋಗುವ ಹುಡುಗರಿಗೂ ಈ ಗುಣ ಒಪ್ಪತಕ್ಕದ್ದೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದುಂಟು.

ಅಂತೇವಾಸಿಯೆಂದರೆ ವೇದಪಾಠಕ್ಕೆ ಕುಳಿತ ವಟುವೊಬ್ಬನೇ ಅಲ್ಲ. ಧರ್ಮಶಾಸ್ತ್ರಕಾರರು ಶಿಲ್ಪ ಕಲಿಯುವ ಹುಡುಗನನ್ನೂ ಇದೇ ಹೆಸರಿನಿಂದ ಕರೆದು, ಅವನ ವಿಷಯದಲ್ಲಿ ನಿಯಮಗಳನ್ನು ಹೇಳಿದ್ದಾರೆ. ನಾರದಸ್ಮೃತಿಯ ಪ್ರಕಾರ ಹುಡುಗನು ತನ್ನ ಬಂಧುಗಳ ಅನುಮತಿ ಪಡೆದು, ಇಷ್ಟು ಕಾಲವೆಂದು ನಿಶ್ಚಯಿಸಿಕೊಂಡು, ಆಚಾರ್ಯನ ಬಳಿ ಇರಬೇಕು. ಆಚಾರ್ಯನು ಅವನಿಗೆ ತನ್ನ ಮನೆಯಲ್ಲಿಯೇ ಊಟವಿಟ್ಟು, ವಿದ್ಯೆಯನ್ನು ಕಲಿಸಬೇಕು, ಬೇರೆ ಚಾಕರಿಯನ್ನು ಮಾಡಿಸಕೂಡದು, ಮಗನಂತೆ ನೋಡಿಕೊಳ್ಳಬೇಕು. ಹುಡುಗನು ಬೇಗ ಕಲಿತುಬಿಟ್ಟರೂ ಒಪ್ಪಿದ ಅವಧಿ ಮುಗಿಯುವವರೆಗೆ ಇರಬೇಕೆಂದೂ, ಆ ಕಾಲದಲ್ಲಿ ಅವನ ಕೆಲಸದ ಫಲ ಗುರುವಿಗೆ ಸಲ್ಲಬೇಕೆಂದೂ ಯಾಜ್ಞವಲ್ಕ್ಯನ ಸ್ಮೃತಿಯೂ ವಿಧಿಸುತ್ತದೆ. ಕೊಡುವುದೂ ಕೊಳ್ಳುವುದೂ ಎರಡೂ ಕಡೆಗೆ ಸರಿಯಾಗಿ ತೂಗಿದ ವ್ಯವಸ್ಥೆ ಇದು.

ನಮ್ಮ ಕಾಲದ ಶಾಸನವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. 1961ರ ಅಪ್ರೆಂಟಿಸ್ ಕಾಯಿದೆಯು ಕರಾರಿನ ಮೇಲೆ ಕೆಲಸ ಕಲಿಯುವವರಿಗೆ ಸ್ಟೈಪೆಂಡನ್ನು ಗೊತ್ತುಮಾಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಓದಿನ ಅಂಗವಾಗಿ ಇಂಟರ್ನ್‌ಷಿಪ್ ಇರಬೇಕೆಂದು ಒತ್ತಿ ಹೇಳಿತು. 2024ರಲ್ಲಿ ಪ್ರಧಾನಮಂತ್ರಿಗಳ ಹೆಸರಿನ ಯೋಜನೆಯೊಂದು ಆರಂಭವಾದಾಗ, ದೊಡ್ಡ ಕಂಪನಿಗಳಲ್ಲಿ 12 ತಿಂಗಳ ಅಭ್ಯಾಸಕ್ಕೆ ತಿಂಗಳಿಗೆ 5,000 ರೂಪಾಯಿಗಳನ್ನು ನಿಗದಿ ಮಾಡಲಾಯಿತು. ಇವೆಲ್ಲ ಸಂತೋಷದ ವಿಷಯಗಳೇ. ಆದರೆ ರಜದಲ್ಲಿ ಆರೆಂಟು ವಾರ ಹೋಗಿಬರುವ ಸಾಮಾನ್ಯ ವಿದ್ಯಾರ್ಥಿಗೆ ಈ ಆಸರೆಗಳು ಬಹುಮಟ್ಟಿಗೆ ಒದಗುವುದಿಲ್ಲ. ಅವನ ಪಾಲಿಗೆ ಕಾಯಿದೆಯೆಂದರೆ ಯಜಮಾನನ ಧರ್ಮಬುದ್ಧಿ. ಅದು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ನನ್ನ ತಮ್ಮನ ಮಗಳು ತುಮಕೂರಿನಲ್ಲಿ ವಿದ್ಯುಚ್ಛಕ್ತಿಯ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಅವಳಿಗೆ ಎರಡು ಕಡೆಗಳಿಂದ ಕರೆ ಬಂದಿತ್ತು. ಒಂದು ಬೆಂಗಳೂರಿನ ತಂಪಾದ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಅಂಕಿಗಳನ್ನು ತುಂಬುವ ಕೆಲಸ. ಇನ್ನೊಂದು ಮನೆಗಳ ಮಾಳಿಗೆಯ ಮೇಲೆ ಸೌರಫಲಕಗಳನ್ನು ಕೂರಿಸುವ ಒಂದು ಚಿಕ್ಕ ಸಂಸ್ಥೆಯ ಕೆಲಸ. ಅವಳು ಎರಡನೆಯದೇ ಬೇಕೆಂದಳು. ಮನೆಯಲ್ಲಿ ಚರ್ಚೆಯಾಯಿತು. “ಅಣ್ಣ, ಎಂಜಿನಿಯರಾಗಲಿ ಎಂದು ಓದಿಸುತ್ತಿದ್ದೇನೆ, ಬಿಸಿಲಲ್ಲಿ ಕಂಡವರ ಮಾಳಿಗೆ ಹತ್ತಲಿ ಎಂದಲ್ಲ. ನೀನಾದರೂ ಒಂದು ಮಾತು ಹೇಳು” ಎಂದು ತಮ್ಮ ನನ್ನನ್ನು ಕರೆದನು. ಅವನ ಹೆಂಡತಿಗೆ ಮೈಬಣ್ಣದ ಚಿಂತೆಗಿಂತ ಮಿಗಿಲಾಗಿ ಬಿದ್ದರೆ ಗತಿಯೇನೆಂಬ ಭಯ. ತಾಯಿಯ ಭಯವನ್ನು ತರ್ಕದಿಂದ ತಳ್ಳಿಹಾಕಬಾರದು, ಅದರಲ್ಲಿ ನ್ಯಾಯವಿರುತ್ತದೆ. ಆದಕಾರಣ ನಾವು ಆ ಸಂಸ್ಥೆಯವರನ್ನೇ ಕಂಡು ವಿಚಾರಿಸಿದೆವು. ಎತ್ತರದಲ್ಲಿ ಕೆಲಸ ಮಾಡುವಾಗ ಸೊಂಟಕ್ಕೆ ಕಟ್ಟುವ ಪಟ್ಟಿ ಉಂಟೆ, ಜೊತೆಯಲ್ಲಿ ಅನುಭವಸ್ಥರು ಇರುವರೆ, ಸಂಜೆ ಎಷ್ಟು ಹೊತ್ತಿಗೆ ಬಿಡುವಿರಿ ಎಂದು ಕೇಳಿ, ತೃಪ್ತಿಯಾದ ಮೇಲೆ ಅವಳನ್ನು ಕಳುಹಿಸಿದೆವು. ಎಂಟು ವಾರ ಹೋದಳು.

ಅಲ್ಲಿ ಅವಳಿಗೆ ದೊರೆತ ಗುರು ಯಾರೆಂದು ಕೇಳಿದರೆ ಕೆಲವರಿಗೆ ಆಶ್ಚರ್ಯವಾದೀತು. ಐ.ಟಿ.ಐ. ಓದಿದ, ಅವಳಿಗಿಂತ ಒಂದು ವರ್ಷವಷ್ಟೇ ದೊಡ್ಡವನಾದ ಹಳ್ಳಿಯ ಹುಡುಗ. ರಾಷ್ಟ್ರೀಯ ಸೌರಶಕ್ತಿ ಸಂಸ್ಥೆಯು 2015ರಲ್ಲಿ ‘ಸೂರ್ಯಮಿತ್ರ’ ಎಂಬ 600 ಗಂಟೆಗಳ ತರಬೇತಿಯನ್ನು ಆರಂಭಿಸಿತಷ್ಟೆ. ಆ ತರಬೇತಿಯನ್ನು ಮುಗಿಸಿದವನು ಅವನು. ಸೂತ್ರಗಳೆಲ್ಲ ಇವಳಿಗೆ ಬಾಯಿಪಾಠ. ತಂತಿಯ ತುದಿಗೆ ಕೊಂಡಿಯನ್ನು ಬಿಗಿಯುವ ಹದ ಅವನ ಕೈಯಲ್ಲಿ. ಆ ಬಿಗಿ ಸಡಿಲವಾದರೆ ಅಲ್ಲಿ ಕಾವೇರಿ, ಕಡೆಗೆ ಬೆಂಕಿ ಹತ್ತಬಹುದೆಂದು ಅವನಿಂದ ತಿಳಿದಳು. ಪದವಿಯಿಲ್ಲದವನ ಮುಂದೆ ಪದವಿಗೆ ಓದುವವಳು ಶಿಷ್ಯಳಾಗಿ ನಿಂತದ್ದು, ನನ್ನ ಎಣಿಕೆಯಲ್ಲಿ, ಆ ಎಂಟು ವಾರಗಳ ಮೊದಲನೆಯ ಲಾಭ.

ಒಂದು ಸಂಜೆ ಅವಳು ಬಂದು, “ದೊಡ್ಡಪ್ಪ, ನಮ್ಮ ಊರಿನ ಅಕ್ಷಾಂಶ ಎಷ್ಟು, ಪುಸ್ತಕ ನೋಡದೆ ಹೇಳಿ” ಎಂದಳು. ಸುಮಾರು 13 ಎಂದೆ. “ಫಲಕವನ್ನೂ ದಕ್ಷಿಣಕ್ಕೆ ಮುಖಮಾಡಿ ಹೆಚ್ಚುಕಡಮೆ ಅಷ್ಟೇ ಅಂಶ ಓರೆಯಾಗಿಡುತ್ತೇವೆ” ಎಂದಳು. ವರ್ಷದ ಹೆಚ್ಚು ಭಾಗ ಮಧ್ಯಾಹ್ನದ ಸೂರ್ಯನು ನಮ್ಮ ನೆತ್ತಿಯಿಂದ ದಕ್ಷಿಣಕ್ಕೆ ಇರುವನಾದುದರಿಂದ ಹಾಗೆ. ಭೂಪಟದ ಮೇಲೆ ಕೋಲಿಟ್ಟು ನಾವು ತೋರಿಸುವ ಅಡ್ಡಗೆರೆ ಅವಳ ಕೈಯಲ್ಲಿ ಕಬ್ಬಿಣದ ಚೌಕಟ್ಟಿನ ಇಳಿಜಾರಾಗಿತ್ತು. ಒಂದು ಕಿಲೋವಾಟಿನ ಫಲಕಗಳಿಗೆ ಸುಮಾರು 100 ಚದರಡಿ ಜಾಗ ಬೇಕು. ಒಳ್ಳೆಯ ಬಿಸಿಲಿದ್ದರೆ ದಿನಕ್ಕೆ ಸುಮಾರು 4 ಯೂನಿಟ್ ವಿದ್ಯುತ್ತು ಬರುತ್ತದೆ. ಧೂಳು ಕೂತರೆ ಅದು ಇಳಿಯುತ್ತದೆ. ಸಾಲಾಗಿ ಜೋಡಿಸಿದ ಫಲಕಗಳಲ್ಲಿ ಒಂದರ ಮೇಲೆ ನೀರಿನ ತೊಟ್ಟಿಯ ನೆರಳು ಬಿದ್ದರೂ ಇಡೀ ಸಾಲಿನ ಶಕ್ತಿ ಕುಂದುತ್ತದೆ. ಇವೆಲ್ಲ ಗೃಹಸ್ಥರಿಗೂ ಉಪಯೋಗದ ಸಂಗತಿಗಳು. 2024ರ ಸೂರ್ಯಘರ್ ಯೋಜನೆಯಲ್ಲಿ ಮನೆಯ ಮೇಲಿನ 3 ಕಿಲೋವಾಟಿನ ಏರ್ಪಾಡಿಗೆ 78,000 ರೂಪಾಯಿ ಸಹಾಯಧನವನ್ನು ಗೊತ್ತುಮಾಡಿದ ಮೇಲೆ ಇಂತಹ ಪ್ರಶ್ನೆಗಳು ಮನೆಮನೆಯಲ್ಲಿಯೂ ಏಳುತ್ತಿವೆ.

ಆದರೆ ಅವಳು ಹೇಳಿದ ಮಾತುಗಳಲ್ಲಿ ನನ್ನ ಮನಸ್ಸಿನಲ್ಲಿ ನಿಂತದ್ದು ಬೇರೊಂದು. ಫಲಕ ಹಾಕಿಸಿಕೊಂಡ ಮನೆಯ ಗೃಹಿಣಿಯೊಬ್ಬರು, “ಲಕ್ಷಗಟ್ಟಲೆ ಖರ್ಚು ಮಾಡಿದ್ದೇವೆ, ಬೀದಿಯಲ್ಲಿ ಕರೆಂಟು ಹೋದರೆ, ಮೇಲೆ ಬಿಸಿಲು ಉರಿಯುತ್ತಿದ್ದರೂ, ನಮ್ಮ ಮನೆಯಲ್ಲೂ ಹೋಗುತ್ತದೆ. ಇದೇನು ಮೋಸ?” ಎಂದು ಜಗಳಕ್ಕೆ ಬಂದರಂತೆ. ಇವಳು ಅವರಿಗೆ ವಿವರಿಸಿದಳು: ಬೀದಿಯ ತಂತಿಗೆ ಸೇರಿದ, ಬ್ಯಾಟರಿಯಿಲ್ಲದ ಏರ್ಪಾಡು ಇದು. ಬೀದಿಯಲ್ಲಿ ವಿದ್ಯುತ್ತು ನಿಂತಾಗ ನಮ್ಮ ಮನೆಯ ವಿದ್ಯುತ್ತು ಆ ತಂತಿಗೆ ಹರಿಯುತ್ತಿದ್ದರೆ, ಕಂಬ ಹತ್ತಿ ರಿಪೇರಿ ಮಾಡುತ್ತಿರುವ ಲೈನ್‌ಮನ್ನನ ಪ್ರಾಣ ಹೋದೀತು. ಆತನಿಗಾಗಿ ಯಂತ್ರವು ತಾನಾಗಿಯೇ ನಿಲ್ಲುತ್ತದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನಿಲ್ಲಲಿ ಬಿಡಮ್ಮ” ಎಂದು ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟರಂತೆ. ಕಣ್ಣಿಗೆ ಕಾಣದ ಒಬ್ಬನ ಜೀವಕ್ಕಾಗಿ ನಮ್ಮ ಮನೆಯ ಫ್ಯಾನು ನಿಲ್ಲುವುದು ನ್ಯಾಯವೆಂದು ಇಪ್ಪತ್ತು ವರ್ಷದ ಹುಡುಗಿ ಇನ್ನೊಬ್ಬರಿಗೆ ಮನದಟ್ಟು ಮಾಡಿದಳಲ್ಲ, ಅದನ್ನು ನಾನು ಮೂವತ್ತು ವರ್ಷ ನೀತಿಪಾಠವೆಂದು ಹೇಳಿಕೊಟ್ಟೆ. ಅವಳು ಅದನ್ನು ಯಂತ್ರದಿಂದ ಕಲಿತಳು.

ಶುದ್ಧವಾದ ಶಕ್ತಿಯ ಕೆಲಸ ಫಲಕದಲ್ಲಿಯೇ ಮುಗಿಯುವುದಿಲ್ಲ, ಜನರಲ್ಲಿ ಮುಗಿಯುತ್ತದೆ. ಇದನ್ನು ನಮ್ಮ ನಾಡಿನವರು ಐವತ್ತು ವರ್ಷಗಳ ಹಿಂದೆಯೇ ಕಂಡುಕೊಂಡರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ವೆಂಬ ವಿಭಾಗವನ್ನು ಕಟ್ಟಿದರು, ಹಳ್ಳಿಗೆ ಒಗ್ಗುವ ವಿಜ್ಞಾನವೇ ಅದರ ಉದ್ದೇಶ. ತುಮಕೂರು ಜಿಲ್ಲೆಯ ಉಂಗ್ರದ ಸುತ್ತಿನ ಹಳ್ಳಿಗಳಲ್ಲಿ ಅವರ ಕಡೆಯವರು ಮನೆಮನೆಗೂ ಹೋಗಿ, ಯಾರು ಎಷ್ಟು ಸೌದೆ ಉರಿಸುತ್ತಾರೆ, ಅದನ್ನು ಹೊತ್ತು ತರುವವರು ಯಾರು ಎಂದು ಕೇಳಿ ಬರೆದುಕೊಂಡರು. ಅಲ್ಲಿಯ ಪುರ ಎಂಬ ಊರಿನಲ್ಲಿ ಸಗಣಿಯ ಅನಿಲದಿಂದ ಒಲೆ ಉರಿಸುವ ಯೋಚನೆ ಮೊದಲು ಇತ್ತು. ಅಡಿಗೆಗೆ ಸಾಕಾಗುವಷ್ಟು ಸಗಣಿ ಊರಿನಲ್ಲಿರಲಿಲ್ಲ. ಜನಕ್ಕೆ ಬೇಕಾಗಿದ್ದುದು ಕುಡಿಯುವ ನೀರು. ಆದುದರಿಂದ 1987ರಿಂದ ಅದೇ ಅನಿಲದಿಂದ ಯಂತ್ರವನ್ನು ನಡೆಸಿ, ವಿದ್ಯುತ್ತು ಹುಟ್ಟಿಸಿ, ನೀರೆತ್ತಿ ನಲ್ಲಿಗೆ ಬಿಟ್ಟರು, ದೀಪ ಹಚ್ಚಿದರು. ಬಿಸಿಲಲ್ಲಿ ಹೋಗಿ ಕೇಳಿದವರಿಗೆ ಮಾತ್ರ ಸಿಕ್ಕುವ ಉತ್ತರ ಅದು. ತಂಪಾದ ಕೋಣೆಯ ಅಂಕಿಗಳಲ್ಲಿ ಅದು ಇರುವುದಿಲ್ಲ.

ಅದೇ ಜಿಲ್ಲೆಯ ಪಾವಗಡದಲ್ಲಿ ಈಗ 2,050 ಮೆಗಾವಾಟಿನ ಸೌರಸ್ಥಾವರವಿದೆ. ಸುಮಾರು 13,000 ಎಕರೆ ನೆಲವನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆದು ಕಟ್ಟಿದ್ದು ಅದರ ವಿಶೇಷ. ಮಳೆ ಕೈಕೊಟ್ಟ ನೆಲದ ಒಡೆಯನಿಗೆ ವರ್ಷವರ್ಷವೂ ಗುತ್ತಿಗೆಯ ಹಣ ಬರುವುದು ಸಾಮಾನ್ಯ ಮಾತಲ್ಲ. ಆದರೆ ಆ ನೆಲದಲ್ಲಿ ಕೂಲಿ ಮಾಡುತ್ತಿದ್ದ, ಸ್ವಂತ ನೆಲವಿಲ್ಲದವನಿಗೆ ಗುತ್ತಿಗೆಯ ಹಣ ಎಲ್ಲಿಂದ ಬಂದೀತು? ಕುರಿ ಮೇಯಿಸುವವನು ಎಲ್ಲಿಗೆ ಹೋದಾನು? ಅಲ್ಲಿಗೆ ಅಭ್ಯಾಸಕ್ಕೆ ಹೋಗುವ ವಿದ್ಯಾರ್ಥಿಯು ಮೆಗಾವಾಟುಗಳನ್ನು ಎಣಿಸಿಕೊಂಡು ಬಂದರೆ ಅರ್ಧ ಕಲಿತಂತೆ; ಈ ಪ್ರಶ್ನೆಯನ್ನೂ ಹೊತ್ತು ಬಂದರೆ ಪೂರ್ತಿ ಕಲಿತಂತೆ.

ಯಂತ್ರಗಳಲ್ಲಿ ಆಸಕ್ತಿಯಿಲ್ಲದ ಮಕ್ಕಳಿಗೆ ಬೇರೆ ದಾರಿಗಳುಂಟು. 2002ರ ಜೀವವೈವಿಧ್ಯ ಕಾಯಿದೆಯ ಮೇರೆಗೆ ಪ್ರತಿಯೊಂದು ಊರಿನಲ್ಲಿಯೂ ಅಲ್ಲಿಯ ಗಿಡಮೂಲಿಕೆ, ತಳಿ, ಪ್ರಾಣಿಪಕ್ಷಿಗಳ ದಾಖಲೆಯೊಂದು ತಯಾರಾಗಬೇಕಾಯಿತು. ಕನ್ನಡವನ್ನೋ ಇತಿಹಾಸವನ್ನೋ ಓದುವ ಹುಡುಗನೂ ಊರಿನ ವೃದ್ಧರ ಜಗುಲಿಯ ಮೇಲೆ ಕುಳಿತು, ಯಾವ ಸೊಪ್ಪಿಗೆ ಏನು ಹೆಸರು, ಯಾವ ರಾಗಿ ಈಗ ಬಿತ್ತುವವರಿಲ್ಲ ಎಂದು ಬರೆದುಕೊಳ್ಳಬಹುದು. ಆ ವೃದ್ಧರು ತೀರಿಹೋದರೆ ಆ ಹೆಸರುಗಳನ್ನು ಹೇಳುವ ನಿಘಂಟು ಯಾವುದೂ ಇಲ್ಲ.

ಇನ್ನು ಇದರ ಕೆಡುಕನ್ನೂ ಹೇಳಬೇಕು. ನಮ್ಮ ಬೀದಿಯ ಹುಡುಗನೊಬ್ಬನು ಪರಿಸರದ ಹೆಸರು ಹೊತ್ತ ಒಂದು ಸಂಸ್ಥೆಗೆ ತಾನೇ ಹಣ ಕಟ್ಟಿ, ಮನೆಯಲ್ಲಿ ಕುಳಿತು ಕೆಲವು ಚಲಚ್ಚಿತ್ರಗಳನ್ನು ನೋಡಿ, ಹೊಳೆಯುವ ಸರ್ಟಿಫಿಕೇಟನ್ನು ಪಡೆದನು. ಕೆರೆಯ ನೀರನ್ನು ಪರೀಕ್ಷಿಸಲು ಕಲಿತನೆಂದು ಅದರಲ್ಲಿ ಅಚ್ಚಾಗಿದೆ. ಕೆರೆಯನ್ನು ಅವನು ಕಂಡಿಲ್ಲ. ಹಿಂದಿನ ಉಮೇದುವಾರನು ಸಂಬಳವಿಲ್ಲದೆ ದುಡಿದನು; ಈತನು ದುಡಿಯದೆ ತಾನೇ ಸಂಬಳ ಕೊಟ್ಟನು. ನಷ್ಟವಾದುದು ತಂದೆಯ ಹಣ ಮಾತ್ರವಲ್ಲ. ಮಾಡದ ಕೆಲಸಕ್ಕೆ ಮುದ್ರೆ ಹಾಕಿಸಿಕೊಳ್ಳಬಹುದೆಂದು ಇಪ್ಪತ್ತನೆಯ ವಯಸ್ಸಿನಲ್ಲಿಯೇ ತಿಳಿದುಕೊಂಡನಲ್ಲ, ಆ ನಷ್ಟವನ್ನು ತುಂಬುವುದು ಕಷ್ಟ. ಇನ್ನು ಕೆಲವೆಡೆ ಹುಡುಗರನ್ನು ಕರೆಸಿಕೊಂಡು ಕಾಫಿ ತರಿಸುವುದಕ್ಕೂ ಕಾಗದ ಜೋಡಿಸುವುದಕ್ಕೂ ಬಳಸುವುದುಂಟು. ಬೇರೆ ಚಾಕರಿ ಮಾಡಿಸಕೂಡದೆಂಬ ನಾರದನ ಮಾತು ಅವರಿಗಾಗಿಯೇ ಹೇಳಿದಂತಿದೆ.

ಸ್ಟೈಪೆಂಡಿನ ವಿಷಯದಲ್ಲಿಯೂ ಒಂದು ಮಾತು. ಉಳ್ಳವರ ಮಗನು ಎರಡು ತಿಂಗಳು ಪುಕ್ಕಟೆ ಕಲಿತು ಬರಬಲ್ಲನು. ರಜದಲ್ಲಿ ದುಡಿದು ಫೀಸು ಕಟ್ಟುವವನಿಗೆ ಅದು ಸಾಧ್ಯವಿಲ್ಲ. ಊಟಕ್ಕೂ ಬಸ್ಸಿಗೂ ಆಗುವಷ್ಟನ್ನಾದರೂ ಕೊಡದಿದ್ದರೆ ಈ ವಿದ್ಯೆ ಅನುಕೂಲಸ್ಥರ ಮನೆಯ ಆಸ್ತಿಯಾಗಿಬಿಡುತ್ತದೆ. ಶಿಷ್ಯನಿಗೆ ಗುರುವು ಮನೆಯಲ್ಲಿಯೇ ಊಟವಿಡಬೇಕೆಂದು ಹಿಂದಿನವರು ವಿಧಿಸಿದ್ದು ಬರಿಯ ದಯೆಯಿಂದಲ್ಲ. ಬಡವನ ಮಗನೂ ಶಿಲ್ಪಿಯಾಗಲಿ ಎಂಬ ವಿವೇಕವೂ ಅದರಲ್ಲಿದೆ.

ಆದಕಾರಣ ಗೃಹಸ್ಥರು ಮಕ್ಕಳನ್ನು ತಡೆಯುವ ಮೊದಲು, ಅಥವಾ ಕಳುಹಿಸುವ ಮೊದಲು, ನಾಲ್ಕು ಪ್ರಶ್ನೆಗಳನ್ನು ಕೇಳಲಿ. ಕಲಿಸುವವರು ಯಾರು? ಕೈಯಿಂದ ಮಾಡುವ ಕೆಲಸವೇನು? ಅಪಾಯಕ್ಕೆ ಏರ್ಪಾಡೇನು? ಊಟದ ಖರ್ಚು ಯಾರದು? ಮೊದಲನೆಯ ಎರಡಕ್ಕೆ ಉತ್ತರ ಸ್ಪಷ್ಟವಾಗಿಲ್ಲದಿದ್ದರೆ ಸರ್ಟಿಫಿಕೇಟು ಎಷ್ಟು ದೊಡ್ಡದಾದರೂ ಬೇಡ. ಉತ್ತರ ಸರಿಯಾಗಿದ್ದರೆ ಬಿಸಿಲಿಗೆ ಅಂಜಬೇಕಾಗಿಲ್ಲ. ನಮ್ಮ ಮನೆಯ ಮಾಳಿಗೆಗೆ ಇಂತಹ ಮಕ್ಕಳು ಬಂದಾಗ ಒಂದು ಲೋಟ ನೀರು ಕೊಟ್ಟು, ಅವರ ಕೆಲಸದ ವಿಷಯವಾಗಿ ಒಂದು ಪ್ರಶ್ನೆಯನ್ನೂ ಕೇಳೋಣ. ಉತ್ತರ ಹೇಳಬೇಕಾದಾಗಲೇ ವಿದ್ಯೆ ಗಟ್ಟಿಯಾಗುವುದು.

ಸೌರಫಲಕದ ಬಾಳಿಕೆ ಸುಮಾರು 25 ವರ್ಷ. ಇಂದು ಇಪ್ಪತ್ತು ವರ್ಷದ ಹುಡುಗಿ ಏರಿಸಿದ ಫಲಕವನ್ನು ಇಳಿಸುವ ಹೊತ್ತಿಗೆ ಅವಳಿಗೆ ನಲವತ್ತೈದಾಗಿರುತ್ತದೆ. ಆಗ ಅದರ ಗಾಜು, ಸೀಸ, ಬೆಳ್ಳಿಗಳನ್ನು ಏನು ಮಾಡಬೇಕೆಂಬುದು ಅವಳ ಪ್ರಶ್ನೆ, ನನ್ನದಲ್ಲ. 2022ರ ಇ-ತ್ಯಾಜ್ಯ ನಿಯಮಗಳು ಫಲಕಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿವೆ. ಆದರೆ ನಿಯಮವನ್ನು ನಡೆಸುವವರು ಮನುಷ್ಯರು. ನಾವು ಉರಿಸಿದ ಇದ್ದಲಿನ ಹೊಗೆಯನ್ನು ಈ ಮಕ್ಕಳಿಗೆ ಬಿಟ್ಟುಹೋಗುತ್ತಿದ್ದೇವೆ. ಅವರಿಗೆ ನಾವು ಕೊಡಬಹುದಾದುದು ಇಷ್ಟೇ: ಕಲಿಯುವ ವಯಸ್ಸಿನಲ್ಲಿ ಒಳ್ಳೆಯ ಗುರುವಿನ ಸಮೀಪ ಕೆಲವು ದಿನ, ಹೊಟ್ಟೆಗೆ ಊಟ, ಸೊಂಟಕ್ಕೆ ಭದ್ರವಾದ ಪಟ್ಟಿ, ಮತ್ತು ಮಾಳಿಗೆ ಹತ್ತುವುದಕ್ಕೆ ಮನೆಯವರ ಒಪ್ಪಿಗೆ.