ಬಾಬೆಲಿನ ಪ್ರತಿಮೆ, ಆನೆಗೊಂದಿಯ ಬಂಡೆ

ಎಲ್ಲಾದರೂ ಯುದ್ಧ ಶುರುವಾದರೆ ಸಾಕು, ನನ್ನ ಮೊಬೈಲಿಗೆ ಬೈಬಲ್ ವಚನಗಳು ಬಂದು ಬೀಳುತ್ತವೆ. ಯೆಹೆಜ್ಕೇಲ 38 ಓದಿ, ಗೋಗ ಬಂದೇಬಿಟ್ಟ ಅಂತ. ನಾನು ಚರ್ಚಿಗೆ ಹೋಗುವವನು ಅಂತ ಗೊತ್ತಿರುವುದರಿಂದ ಗಂಗಾವತಿಯ ನಮ್ಮ ಓಣಿಯ ಹಿರಿಯರೂ ಕೇಳುತ್ತಾರೆ, "ಇದೆಲ್ಲಾ ನಿಮ್ಮ ಬೈಬಲ್‌ದಾಗ ಮೊದಲ ಬರದೈತಂತಲ್ಲೋ ತಮ್ಮಾ, ಖರೇ ಏನು?"

ಈ ಲೆಕ್ಕಾಚಾರ ನನಗೆ ಸೇರುವುದಿಲ್ಲ. 16ನೇ ಶತಮಾನದಲ್ಲಿ ಮಾರ್ಟಿನ್ ಲೂಥರ್‌ಗೆ ಗೋಗ ಎಂದರೆ ತುರ್ಕರು. 1970ರಲ್ಲಿ ಅಮೆರಿಕದ ಹಾಲ್ ಲಿಂಡ್ಸೆ ಅದು ಸೋವಿಯತ್ ರಷ್ಯಾ ಎಂದು ಬರೆದ, ಪುಸ್ತಕ ಲಕ್ಷಗಟ್ಟಲೆ ಖರ್ಚಾಯಿತು. 1991ರಲ್ಲಿ ಆ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಇನ್ನು ಮುಂದಿನವರು ಯಾರೋ..

ಪ್ರವಾದಿಗಳ ಮಾತು ತಿಳಿಯಬೇಕಾದರೆ ನಮ್ಮೂರಿಗಿಂತ ಒಳ್ಳೆಯ ಜಾಗ ಇಲ್ಲ ಅಂತ ನನ್ನ ವಾದ (ಊರಿನ ಅಭಿಮಾನ ಅಂತಲೇ ಇಟ್ಟುಕೊಳ್ಳಿ). ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಅಶೋಕನ ಶಾಸನ. ಈ ಕಡೆ ಕುಮ್ಮಟದುರ್ಗ, 1327ರಲ್ಲಿ ತುಘಲಕನ ಸೈನ್ಯಕ್ಕೆ ಸಿಕ್ಕ ಕಂಪಿಲಿ ರಾಜ್ಯದ ಕೋಟೆ. ಆಮೇಲೆ ಆನೆಗೊಂದಿ, ವಿಜಯನಗರ, 1565. ಆದಿಲ್‌ಶಾಹಿ, ನಿಜಾಮ, 1948. ಪ್ರತಿಯೊಬ್ಬರೂ ತಾವೇ ಶಾಶ್ವತ ಅಂದುಕೊಂಡು ಕಲ್ಲು ಕಟ್ಟಿಸಿದವರೇ.

ದಾನಿಯೇಲನ ಎರಡನೇ ಅಧ್ಯಾಯದಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರನಿಗೆ ಬೀಳುವ ಕನಸೂ ಇಂಥದ್ದೇ. ಚಿನ್ನದ ತಲೆ, ಬೆಳ್ಳಿಯ ಎದೆ, ಕಂಚಿನ ಹೊಟ್ಟೆ, ಕಬ್ಬಿಣದ ಕಾಲು ಇರುವ ಒಂದು ದೊಡ್ಡ ಪ್ರತಿಮೆ. ಪಾದ ಮಾತ್ರ ಕಬ್ಬಿಣ-ಮಣ್ಣಿನ ಬೆರಕೆ. ಯಾರ ಕೈಯೂ ಒಡೆಯದ ಒಂದು ಬಂಡೆ ಉರುಳಿ ಬಂದು ಎಲ್ಲವನ್ನೂ ಪುಡಿ ಮಾಡುತ್ತದೆ. ಸೆರೆ ಬಂದ ಹುಡುಗನೊಬ್ಬ ಅರಸನ ಮುಂದೆಯೇ ನಿಂತು ಅರ್ಥ ಹೇಳುತ್ತಾನೆ: ನಿನ್ನ ರಾಜ್ಯ ನೀನು ಗಳಿಸಿದ್ದಲ್ಲ, ಪರಲೋಕದ ದೇವರು ಕೊಟ್ಟದ್ದು; ನಿನ್ನ ನಂತರ ಇನ್ನೊಬ್ಬ, ಅವನ ನಂತರ ಮತ್ತೊಬ್ಬ.

ದೇವರ ಹೆಸರನ್ನು ಅರಸರೂ ಹೇಳುತ್ತಿದ್ದರು ನಿಜ. ವಿಜಯನಗರದ ದೊರೆಗಳು ಶಾಸನದ ಕೊನೆಗೆ ತಮ್ಮ ಹೆಸರಿನ ಬದಲು ಕನ್ನಡ ಅಕ್ಷರದಲ್ಲಿ 'ಶ್ರೀ ವಿರೂಪಾಕ್ಷ' ಎಂದು ರುಜು ಹಾಕಿಸುತ್ತಿದ್ದರು. ಪರ್ಷಿಯದ ಕೋರೇಷ ಕ್ರಿ.ಪೂ. 539ರಲ್ಲಿ ಬಾಬೆಲನ್ನು ಹಿಡಿದಾಗ, ತನ್ನನ್ನು ಆರಿಸಿದ್ದು ಅಲ್ಲಿಯ ದೇವರು ಮರ್ದುಕ ಎಂದು ಮಣ್ಣಿನ ಉರುಳೆಯ ಮೇಲೆ ಬರೆಸಿದ. ಆ ಉರುಳೆ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಆದರೆ ಯೆಶಾಯನ 45ನೇ ಅಧ್ಯಾಯ ಅದೇ ಕೋರೇಷನನ್ನು ಯೆಹೋವನ ಅಭಿಷಿಕ್ತ ಎನ್ನುತ್ತದೆ, ಅದೂ ಅವನಿಗೆ ಯೆಹೋವ ಯಾರೆಂದೇ ತಿಳಿಯದಿದ್ದರೂ!

ಉರುಳೆ ಬರೆಸಿದವನು ಗೆದ್ದವನು. ಯೆಶಾಯನ ಮಾತನ್ನು ಹಿಡಿದುಕೊಂಡವರು ದೇವಾಲಯ ಸುಟ್ಟುಹೋಗಿ, ಊರು ಬಿಟ್ಟು ಬಂದವರು. ನಿಮ್ಮ ಊರು ಬಿದ್ದರೆ ನಿಮ್ಮ ದೇವರೂ ಸೋತ ಅನ್ನುವ ಕಾಲ ಅದು. ಅಂಥ ಹೊತ್ತಿನಲ್ಲಿ ಯೆರೆಮೀಯ, ನಮ್ಮನ್ನು ಹೊಡೆದ ನೆಬೂಕದ್ನೆಚ್ಚರನೂ ಯೆಹೋವನ ಸೇವಕನೇ ಎಂದುಬಿಟ್ಟ. ಸೆರೆಯಲ್ಲಿದ್ದವರಿಗೆ ಪತ್ರ ಬರೆದು, ಬಾಬೆಲಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದ. ಇದನ್ನು ನುಂಗುವುದು ಸುಲಭವೇ? ನನಗಂತೂ ಇವತ್ತಿಗೂ ಕಷ್ಟ.

ಆಮೋಸ ಇನ್ನೂ ಖಾರ. ತೆಕೋವದ ಕುರಿಗಾಹಿ, ಅತ್ತಿಮರ ನೋಡಿಕೊಳ್ಳುತ್ತಿದ್ದವನು. ನಿಮ್ಮನ್ನು ಐಗುಪ್ತದಿಂದ ಕರೆತಂದದ್ದು ನಿಜ, ನಿಮ್ಮ ವೈರಿಗಳಾದ ಫಿಲಿಷ್ಟಿಯರನ್ನೂ ಅರಾಮ್ಯರನ್ನೂ ಅವರವರ ನಾಡಿನಿಂದ ಕರೆತಂದವನು ನಾನೇ ಎಂದು ದೇವರು ಹೇಳುವುದಾಗಿ ಸಾರುತ್ತಾನೆ. ಯೆಶಾಯನಲ್ಲಂತೂ ಐಗುಪ್ತದವರನ್ನೇ ದೇವರು ನನ್ನ ಪ್ರಜೆ ಎಂದು ಕರೆಯುತ್ತಾನೆ. ದೇವರು ನಮ್ಮ ದೇಶದ ಕಡೆ, ಅವರ ದೇಶದ ಕಡೆ ಅಲ್ಲ ಎಂದು ವಚನ ಫಾರ್ವರ್ಡ್ ಮಾಡುವವರು ಈ ಪುಟಗಳನ್ನು ಯಾಕೋ ತೆಗೆಯುವುದೇ ಇಲ್ಲ. ನಮ್ಮ ಚರ್ಚಿನವರಿಗೂ ಸೇರಿಸಿಯೇ ಹೇಳುತ್ತಿದ್ದೇನೆ.

ಈ ಮಾತುಗಳು ಕನ್ನಡಕ್ಕೆ ಬಂದ ದಾರಿಯೂ ವಿಚಿತ್ರ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದ, 1831ಕ್ಕೆ ಇಡೀ ಬೈಬಲ್ ಕನ್ನಡದಲ್ಲಿ ಸಿದ್ಧವಾಯಿತು. ಆಗ ನಮ್ಮ ಗಂಗಾವತಿ ನಿಜಾಮನ ಕೈಯಲ್ಲಿ, ನದಿಯಾಚೆಯ ಬಳ್ಳಾರಿ ಕಂಪನಿ ಸರಕಾರದ ಕೈಯಲ್ಲಿ. ಮಣ್ಣು ಬೆರೆತ ಪಾದದ ಆ ಪ್ರತಿಮೆಯ ಕಥೆ ಕಂಪನಿಯ ಊರಿನಲ್ಲೇ ಕನ್ನಡವಾಯಿತು. 1858ರಲ್ಲಿ ಕಂಪನಿಯ ಆಳ್ವಿಕೆಯೂ ಮುಗಿಯಿತು.