ಹಂಚಿಕೊಂಡ ಎಚ್ಚರ

ಮಧುಮೇಹವು ಮಕ್ಕಳನ್ನೂ ಬಾಧಿಸುವುದುಂಟು. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಸ್ರವಿಸುವ ಜೀವಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ನಾಶಪಡಿಸುವುದು ಇದಕ್ಕೆ ಸಾಮಾನ್ಯ ಕಾರಣ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕನಿಗೆ ಮೊದಲ ಬಾರಿಗೆ ಇನ್ಸುಲಿನ್ ಚುಚ್ಚಲಾಯಿತು. ಅದುವರೆಗೆ ಮಗುವಿನ ಸಾವನ್ನೇ ಎದುರುನೋಡುತ್ತಿದ್ದ ತಾಯಿತಂದೆಯರಿಗೆ ಅದರ ಜೀವ ದೊರೆಯಿತು. ಜೊತೆಗೆ ದಿನನಿತ್ಯದ ಕಾವಲೂ ದೊರೆಯಿತು.

ಆ ಕಾವಲು ಸುಲಭವಾದುದಲ್ಲ. ರಕ್ತದ ಸಕ್ಕರೆ ಏರಿದರೂ ಕೇಡು, ಇಳಿದರೂ ಕೇಡು. ಎಷ್ಟೋ ಮನೆಗಳಲ್ಲಿ ತಾಯಿ ನಡುರಾತ್ರಿ ಎದ್ದು, ಮಲಗಿದ ಮಗುವಿನ ಬೆರಳಿನಿಂದ ಹನಿ ರಕ್ತ ತೆಗೆದು ಪರೀಕ್ಷಿಸುತ್ತಾಳೆ. ತಂದೆ ಔಷಧಿಯ ಖರ್ಚನ್ನು ಎಣಿಸುತ್ತಾನೆ. ‘ಸಿಹಿ ಹೆಚ್ಚು ತಿನ್ನಿಸಿದಿರೇನೋ’ ಎನ್ನುತ್ತಾರೆ ನೆಂಟರು. ಅದು ನಿಜವಲ್ಲ, ಆದರೂ ಆ ಮಾತು ಸೂಜಿಗಿಂತ ಆಳಕ್ಕೆ ಇಳಿಯುತ್ತದೆ. ಹಬ್ಬದ ದಿನ ಅಣ್ಣನ ಕಣ್ಣು ತಪ್ಪಿಸಿ ಹೋಳಿಗೆ ತಿನ್ನುವ ತಂಗಿಯ ಅಳುಕನ್ನು ವಿಚಾರಿಸುವವರೇ ಇಲ್ಲ.

ಇಂಥ ಮನೆಗೆ ಕನಿಕರಕ್ಕಿಂತ ನೆರವು ಮುಖ್ಯ. ಅಜ್ಜಿಯೋ ಚಿಕ್ಕಪ್ಪನೋ ಪರೀಕ್ಷೆಯ ಕ್ರಮವನ್ನು ಕಲಿತರೆ ತಾಯಿಗೆ ಒಂದು ರಾತ್ರಿಯ ನಿದ್ದೆ ಸಿಗುತ್ತದೆ. ತರಗತಿಯಲ್ಲಿ ಕೈನಡುಗಿ ಬೆವರುವ ಗೆಳೆಯನಿಗೆ ಒಡನೆ ಸಕ್ಕರೆ ಕೊಟ್ಟು ಗುರುಗಳಿಗೆ ತಿಳಿಸಬೇಕೆಂಬುದನ್ನು ಸಹಪಾಠಿಗಳು ಅರಿತಿದ್ದರೆ ತಂದೆಯ ಮನಸ್ಸು ಹಗುರಾಗುತ್ತದೆ. ಹಿರಿಯರ ಮನಸ್ಸು ಹಗುರಾದ ಮನೆಯಲ್ಲಿ ಮಗುವೂ ನಗುತ್ತ ಬೆಳೆಯುತ್ತದೆ.