ಕಪಿಲೆಯ ದಡದ ಭರಣಿಗಳು

ಮೈಸೂರಿನಿಂದ ದಕ್ಷಿಣಕ್ಕೆ ಹೊರಟವರಿಗೆ ನಂಜನಗೂಡಿನ ಮೊದಲ ದರ್ಶನವಾಗುವುದು ಗೋಪುರದ ರೂಪದಲ್ಲಿ. ತೆಂಗಿನ ತೋಪುಗಳ ಮೇಲೆ ತಲೆಯೆತ್ತಿದ ಏಳು ನೆಲೆಗಳ ಆ ಗೋಪುರವನ್ನು ಕಂಡೊಡನೆ ಬಸ್ಸಿನೊಳಗಿನ ಹಿರಿಯರು ಕೈಮುಗಿಯುತ್ತಾರೆ. ಮಕ್ಕಳು ಕಿಟಕಿಯ ಕಡೆಗೆ ನುಗ್ಗುತ್ತಾರೆ. ಬಳಿಕ ಕಪಿಲಾ ನದಿ, ಅದರ ಮೇಲೆ 1735ರಲ್ಲಿ ಕಟ್ಟಿದ ಹಳೆಯ ಸೇತುವೆ. ಆದರೆ ಫಾಲ್ಗುಣ ಮಾಸದ ದೊಡ್ಡ ಜಾತ್ರೆಯ ದಿನ ಬಂದವರಿಗೆ ಊರು ಕಣ್ಣಿಗಿಂತ ಮೊದಲು ಮೂಗಿಗೆ ಪರಿಚಯವಾಗುತ್ತದೆ. ಕರಗುವ ಬೆಲ್ಲ, ಕುಟ್ಟಿದ ಒಣಶುಂಠಿ, ಬಿಡಿಸಿದ ಏಲಕ್ಕಿ, ಹಿಂಡಿದ ನಿಂಬೆ: ಬೀದಿಬೀದಿಯ ಅರವಟ್ಟಿಗೆಗಳಿಂದ ತೇಲಿಬರುವ ಪಾನಕದ ಪರಿಮಳವದು.

ಅಂದು ಐದು ರಥಗಳು ಬೀದಿಗಿಳಿಯುತ್ತವೆ. ಗಣಪತಿಯ ತೇರು ಮುಂದೆ. ಶ್ರೀಕಂಠೇಶ್ವರನ ಮಹಾರಥ ಜನರ ಭುಜಬಲದಿಂದ ಅಂಗುಲ ಅಂಗುಲವಾಗಿ ಕದಲುತ್ತದೆ. ಹಗ್ಗ ಹಿಡಿದವರ ಬೆನ್ನಿನ ಮೇಲೆ ಬಿಸಿಲು ಕಾಯುತ್ತಿರುವಾಗ ಪಾನಕದ ಕೊಳಗವೇ ಪರಮಾನ್ನ. ಮೈಲಿಗಳ ದೂರದಿಂದ ನಡೆದು ಬಂದ ರೈತನಿಗೂ, ಮೋಟಾರಿನಲ್ಲಿ ಬಂದ ಪೇಟೆಯ ಕುಟುಂಬಕ್ಕೂ ಒಂದೇ ಲೋಟ, ಒಂದೇ ರುಚಿ.

ಈ ರುಚಿ ಸುಲಭವಾದದ್ದೆಂದು ತಿಳಿಯಬಾರದು. ಜಾತ್ರೆಯ ಬೆಳಗಿನ ಜಾವದಲ್ಲಿ ಅಗ್ರಹಾರದ ಯಾವ ಮನೆಯ ಅಡಿಗೆಯ ಕೋಣೆಯಲ್ಲಾದರೂ ಇಂಥ ಮಾತು ಕೇಳಿಬಂದೀತು.

“ಅತ್ತೆ, ಏಲಕ್ಕಿ ಈಗಲೇ ಹಾಕಿಬಿಡಲೇ?”

“ಬೇಡಮ್ಮ, ಬೆಲ್ಲದ ನೀರು ಸೋಸಿದ ಮೇಲೆ ಹಾಕು. ಈಗಲೇ ಹಾಕಿದರೆ ವಾಸನೆಯೆಲ್ಲ ಬಟ್ಟೆಗೆ, ನೀರು ನಮಗೆ!”

ಒಂದು ಪಾಲು ಅಚ್ಚುಬೆಲ್ಲಕ್ಕೆ ನಾಲ್ಕು ಪಾಲು ತಣ್ಣೀರು; ಕಲ್ಲುಮಣ್ಣು ಹೋಗುವಂತೆ ತೆಳುಬಟ್ಟೆಯಲ್ಲಿ ಸೋಸುವುದು; ಶುಂಠಿ ಮತ್ತು ಮೆಣಸಿನ ಪುಡಿ ಮುಂಚಿತವಾಗಿ, ಏಲಕ್ಕಿ ಕಟ್ಟಕಡೆಗೆ. ಶುಂಠಿಯ ಖಾರ ನೀರಿನಲ್ಲಿ ನೆನೆದಷ್ಟೂ ಇಳಿಯುತ್ತದೆ. ಏಲಕ್ಕಿಯ ಪರಿಮಳ ಕಾದಷ್ಟೂ ಹಾರಿಹೋಗುತ್ತದೆ. ಅತ್ತೆಯ ಶಾಸ್ತ್ರ ಇಷ್ಟೇ. ದೂರದ ಯೂರೋಪಿನಲ್ಲಿ ಕ್ರಿಸ್‌ಮಸ್ ಹಬ್ಬಕ್ಕೆಂದು ಮನೆಯಲ್ಲಿ ಬೀರು ಇಳಿಸುವವರೂ ಚಕ್ಕೆ, ಲವಂಗ, ಜಾಯಿಕಾಯಿ, ಕಿತ್ತಳೆಯ ಸಿಪ್ಪೆಗಳನ್ನು ಕುದಿ ಮುಗಿಯುವ ಹೊತ್ತಿಗೆ, ಇಲ್ಲವೇ ಹುದುಗು ತಣಿದ ಮೇಲೆ ಹಾಕುತ್ತಾರೆ. ಕಾರಣ ಅದೇ. ಬೆಲ್ಜಿಯಮ್ಮಿನ ಬಿಳಿಯ ಬೀರಿಗೆ ನಮ್ಮ ಸಾರಿನ ಪುಡಿಯ ಕೊತ್ತಂಬರಿ ಬೀಜವೇ ಬೀಳುತ್ತದೆಂದರೆ ಮೈಸೂರಿನ ಗೃಹಿಣಿಯರು ನಕ್ಕಾರು. ಹಾಪ್ಸ್ ಎಂಬ ಕಹಿ ಹೂವಿನ ಬಳಕೆ ಹರಡುವುದಕ್ಕೆ ಮುನ್ನ ಆ ನಾಡುಗಳ ಬೀರಿಗೆ ನಾನಾ ಬಗೆಯ ಸೊಪ್ಪು ಮೂಲಿಕೆಗಳು ಬೀಳುತ್ತಿದ್ದವು. ಜರ್ಮನಿಯ ಬವೇರಿಯಾದಲ್ಲಿ 1516ರ ಶಾಸನವು ಬಾರ್ಲಿ, ಹಾಪ್ಸ್, ನೀರು ಇವಿಷ್ಟೇ ಸಾಕೆಂದು ಕಟ್ಟು ಮಾಡಿತು. ನಂಜನಗೂಡಿನ ಅತ್ತೆಯರಿಗೆ ಅಂಥ ಕಟ್ಟು ಹಾಕುವ ಅರಸ ಇನ್ನೂ ಹುಟ್ಟಿಲ್ಲ.

ಮಧ್ಯಾಹ್ನ ಮೀರಿದ ಪಾನಕದ ಕಥೆ ಬೇರೆ. ಉಳಿದ ಕೊಳಗವನ್ನು ಮೂಲೆಯಲ್ಲಿಟ್ಟು ಮರೆತರೆ ಮರುದಿನದ ಹೊತ್ತಿಗೆ ಅದರ ಮೇಲೆ ಸಣ್ಣ ನೊರೆ ಕಟ್ಟುತ್ತದೆ. ಬಾಯಿಗಿಟ್ಟರೆ ನಾಲಿಗೆ ಚುರ್ರೆನ್ನುತ್ತದೆ. “ಪಾನಕ ಹುಳಿಯಿತು, ಗಿಡಕ್ಕೆ ಸುರಿ” ಎನ್ನುತ್ತಾರೆ ಹಿರಿಯರು. ಗಾಳಿಯಲ್ಲಿಯೂ ಬೆಲ್ಲದಲ್ಲಿಯೂ ಇರುವ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲಾಮ್ಲ ವಾಯುವನ್ನೂ ಬಿಡತೊಡಗಿವೆ ಎಂಬುದೇ ಅದರ ಅರ್ಥ. ದೇವರ ಪಾನಕಕ್ಕೂ ಹೆಂಡಕ್ಕೂ ನಡುವೆ ಇರುವುದು ಒಂದು ರಾತ್ರಿಯ ಅಂತರ ಮಾತ್ರ! ಶ್ರದ್ಧಾವಂತರು ಕ್ಷಮಿಸಬೇಕು.

ಗಿಡಕ್ಕೆ ಸುರಿಯುವ ಈ ಹುಳಿಯನ್ನೇ ಪಳಗಿಸಿ ವಿದ್ಯೆಯಾಗಿಸಿದವರು ವೈದ್ಯರು. ನಂಜನಗೂಡಿಗೆ ವೈದ್ಯದ ನಂಟು ಹಳೆಯದು. ನಂಜನ್ನು ಉಂಡವನೇ ಇಲ್ಲಿಯ ದೇವರು. ಶುಂಠಿ, ಸಕ್ಕರೆ, ಬೆಣ್ಣೆ ಬೆರೆಸಿದ ‘ಸುಗಂಧಿತ ಸಕ್ಕರೆ’ ಅವನ ಪ್ರಸಾದ. ಅದು ಹೊಟ್ಟೆಯ ಬೇನೆಗೆ ಮದ್ದೆಂದು ಭಕ್ತರ ನಂಬಿಕೆ. ಆನೆಯ ಕಣ್ಣಿನ ರೋಗ ವಾಸಿಯಾಯಿತೆಂದು ಟಿಪ್ಪು ಸುಲ್ತಾನನು ಈ ದೇವರನ್ನು ‘ಹಕೀಮ್ ನಂಜುಂಡ’ ಎಂದು ಕರೆದನೆಂಬ ಐತಿಹ್ಯ ಊರಿನವರ ನಾಲಿಗೆಯ ಮೇಲಿದೆ. 1913ರಲ್ಲಿ ಬಿ. ವಿ. ಪಂಡಿತರು ಇಲ್ಲಿ ಸದ್ವೈದ್ಯಶಾಲೆಯನ್ನು ಸ್ಥಾಪಿಸಿದರು. ಅಲ್ಲಿಯ ಹಲ್ಲುಪುಡಿಯು ಊರಿನ ಹೆಸರನ್ನು ಹೊತ್ತು ನಾಡಿನ ಬಚ್ಚಲು ಮನೆಗಳನ್ನೆಲ್ಲ ಹೊಕ್ಕಿತು.

ಆಸವ, ಅರಿಷ್ಟಗಳೆಂದರೆ ಹುದುಗಿಸಿದ ಔಷಧಗಳು. ಕುದಿಸಿದ ಕಷಾಯದಿಂದಾದದ್ದು ಅರಿಷ್ಟ, ಕುದಿಸದೆ ಮಾಡಿದ್ದು ಆಸವ ಎಂಬುದು ಸಾಮಾನ್ಯ ವಿಭಾಗ. ಹಳೆಯ ಪದ್ಧತಿ ಹೀಗಿತ್ತು: ದ್ರಾಕ್ಷಿಯನ್ನೋ ಬೇರುಗಳನ್ನೋ ಕುದಿಸಿ, ನೀರು ಕಾಲುಭಾಗಕ್ಕೆ ಇಳಿದ ಮೇಲೆ ಸೋಸಿ, ಆರಿಸಿ, ಬೆಲ್ಲ ಕರಗಿಸುತ್ತಿದ್ದರು. ಒಳಗೆ ತುಪ್ಪ ಸವರಿ ಧೂಪ ಹಾಕಿದ ಭರಣಿಯಲ್ಲಿ ಅದನ್ನು ತುಂಬಿ, ಧಾತಕಿಯ ಕೆಂಪು ಹೂವನ್ನು ಸೇರಿಸುತ್ತಿದ್ದರು. ಹುದುಗನ್ನು ತರುವುದು ಈ ಹೂವಿನ ಕೆಲಸ. ಆಮೇಲೆ ಮಸಾಲೆಯ ಸರದಿ: ಚಕ್ಕೆ, ಏಲಕ್ಕಿ, ಪತ್ರೆ, ನಾಗಕೇಸರ, ಲವಂಗ, ಹಿಪ್ಪಲಿ, ಮೆಣಸು. ಬಾಯಿಗೆ ಬಟ್ಟೆ ಬಿಗಿದು, ಮಣ್ಣು ಮೆತ್ತಿ, ಭತ್ತದ ರಾಶಿಯಲ್ಲಿ ಹುಗಿದಿಟ್ಟರೆ ಶೆಕೆ ಏರುಪೇರಾಗದು. ಬಳಿಕ ಒಂದು ತಿಂಗಳ ಕಾಯುವಿಕೆ.

ಕಾಯುವುದೆಂದರೆ ಸುಮ್ಮನೆ ಕೂರುವುದಲ್ಲ. ವೈದ್ಯನು ಭರಣಿಗೆ ಕಿವಿ ಇಟ್ಟು ಆಲಿಸುತ್ತಾನೆ. ಒಳಗೆ ಸಣ್ಣಗೆ ಬುಸುಗುಡುವ ಸದ್ದು ಕೇಳುವವರೆಗೆ ಕೆಲಸ ಮುಗಿದಿಲ್ಲ. ಉರಿಯುವ ಕಡ್ಡಿಯನ್ನು ಬಾಯಿಯ ಬಳಿ ಹಿಡಿದರೆ ಇಂಗಾಲಾಮ್ಲ ವಾಯುವಿಗೆ ಸಿಕ್ಕಿ ಆರಿಹೋಗುತ್ತದೆ. ಸದ್ದು ನಿಂತು, ಕಡ್ಡಿ ಆರದೆ ಉರಿದ ದಿನ ಅರಿಷ್ಟ ಸಿದ್ಧ. ಅವಸರಪಟ್ಟು ತೆರೆದರೆ ಅದು ಬರಿಯ ಸಿಹಿ ಕಷಾಯ. ಹೆಚ್ಚು ಗಾಳಿಯಾಡಿದರೆ ವಿನಿಗರಿನಂಥ ಹುಳಿ. ಮಸಾಲೆಯಲ್ಲಿಯೂ ಹಿತಮಿತ ಬೇಕು. ಚಕ್ಕೆ ಲವಂಗಗಳ ತೈಲ ನೀರಿಗಿಂತ ಮದ್ಯಸಾರದಲ್ಲಿ ಚೆನ್ನಾಗಿ ಕರಗುತ್ತದೆ, ಬೇಡದ ಕ್ರಿಮಿಗಳನ್ನು ತಡೆಯುತ್ತದೆ. ಅದೇ ಮಿತಿಮೀರಿದರೆ ಬೇಕಾದ ಹುದುಗನ್ನೂ ಅಡಗಿಸಿಬಿಡುತ್ತದೆ. ತಿಂಗಳ ಶ್ರಮ ಒಂದು ಹಿಡಿ ಲವಂಗದಿಂದ ಮಣ್ಣುಪಾಲು.

ಕಾರ್ಖಾನೆಯ ಸೀಸೆಗಳ ಕಾಲದಲ್ಲಿ ಈ ಕಿವಿಯ ವಿದ್ಯೆ ಮನೆಗಳಿಂದ ಜಾರುತ್ತಿದೆ. ಸೀಸೆಯ ಚೀಟಿಯ ಮೇಲೆ ಅದರಲ್ಲಿ ತಾನಾಗಿ ಹುಟ್ಟಿದ ಮದ್ಯಸಾರ ಎಷ್ಟೆಂದು ಅಚ್ಚಿಸಿರುತ್ತದೆ. ಕೊಳ್ಳುವವರು ಅದನ್ನು ಓದುವುದು ವಿರಳ. ಬಾಣಂತಿಗೆ ದಶಮೂಲಾರಿಷ್ಟ ಕೊಡುವ ಅಜ್ಜಿಗೆ “ಇದರಲ್ಲಿ ಮದ್ಯವಿದೆ” ಎಂದರೆ ಅವಳು ಕಿವಿ ಮುಚ್ಚಿಕೊಂಡಾಳು. ವೈದ್ಯರನ್ನು ಕೇಳದೆ ಅಳತೆ ಮೀರಿ ಕುಡಿಸುವುದು ಹಿತವಲ್ಲವೆಂಬುದನ್ನಂತೂ ಅವಳಿಗೆ ಯಾರಾದರೂ ಹೇಳಬೇಕು.

ಇಲ್ಲಿ ಒಂದು ಅಹಿತವಾದ ಮಾತನ್ನೂ ಆಡಲೇಬೇಕು. ಇದೇ ಸೀಮೆಯ ಹಳ್ಳಿಗಳಲ್ಲಿ ಈಚಲು ಮರದ ಹೆಂಡವೂ ಇತ್ತು. ಅದೂ ಹುದುಗೇ. ಹೆಂಡ ಇಳಿಸುವವನ ಮಡಕೆ ಕೀಳು, ವೈದ್ಯನ ಭರಣಿ ಪವಿತ್ರ ಎಂಬ ಎಣಿಕೆ ಬಹುಕಾಲ ನಡೆದುಬಂದಿತು. ಕುಡಿತದಿಂದ ಮನೆ ಹಾಳಾದದ್ದು ಸುಳ್ಳಲ್ಲ. 2007ರ ಜುಲೈ 1ರಿಂದ ಸರ್ಕಾರ ಸಾರಾಯಿಯನ್ನು ನಿಷೇಧಿಸಿದಾಗ ಎಷ್ಟೋ ತಾಯಂದಿರು ನಿಟ್ಟುಸಿರು ಬಿಟ್ಟಿರಬೇಕು. ಆದರೆ ಭರಣಿಯೊಳಗಿನ ಜೀವಿಗೆ ಕುಲವಿಲ್ಲ. ಕುಲ ಅಂಟಿಕೊಂಡದ್ದು ಭರಣಿಯ ಹೊರಮೈಗೆ.

ನಂಜನಗೂಡಿನಿಂದ ಕಪಿಲೆ ಸುತ್ತೂರಿನ ಮಗ್ಗುಲಲ್ಲಿ ಹರಿದು ತಿರುಮಕೂಡಲು ನರಸೀಪುರವನ್ನು ಸೇರುತ್ತಾಳೆ. ಭತ್ತದ ಬಯಲು, ಕಬ್ಬು, ಬಾಳೆಯ ತೋಟಗಳ ನಡುವೆ ಸಾಗುವ ದಾರಿ ಹಿತವಾಗಿದೆ. ನಂಜನಗೂಡಿನ ರಸಬಾಳೆ ಮಾತ್ರ ಸೊರಗುರೋಗಕ್ಕೆ ತುತ್ತಾಗಿ ವಿರಳವಾಯಿತು. ಜಾತ್ರೆಯ ರಸಾಯನಕ್ಕೆ ಅದೇ ಬೇಕೆನ್ನುವವರು ಅಂಗಡಿಯಿಂದ ಅಂಗಡಿಗೆ ಅಲೆಯಬೇಕು.

ನರಸೀಪುರದಲ್ಲಿ ಕಪಿಲೆ ಕಾವೇರಿಯನ್ನು ಕೂಡುತ್ತಾಳೆ. ಮೂರನೆಯದಾದ ಸ್ಫಟಿಕ ಸರೋವರ ಗುಪ್ತವಾಗಿದೆಯೆಂದು ನಂಬಿಕೆ. 1989ರಲ್ಲಿ ಆರಂಭವಾದ ಇಲ್ಲಿಯ ಕುಂಭಮೇಳ ಮೂರು ವರ್ಷಗಳಿಗೊಮ್ಮೆ ಎಂಬ ಕ್ರಮದ್ದು; 2025ರ ಫೆಬ್ರವರಿಯಲ್ಲಿಯೂ ನಡೆಯಿತು. ಮಡಕೆ ಭರಣಿಗಳು ಈ ದಡಕ್ಕೆ ಹೊಸತಲ್ಲ. 1959ರಲ್ಲಿ ಎಂ. ಶೇಷಾದ್ರಿಯವರು ಇಲ್ಲಿ ಕೈಗೊಂಡ ಉತ್ಖನನದಲ್ಲಿ ನವಶಿಲಾಯುಗದ ಜನರ ಮಣ್ಣಿನ ಪಾತ್ರೆಗಳು ಬೆಳಕಿಗೆ ಬಂದವು.

ಸಂಗಮದ ಒಂದು ದಡದಲ್ಲಿ ಅಗಸ್ತ್ಯೇಶ್ವರ, ಇನ್ನೊಂದರಲ್ಲಿ ಗುಂಜಾ ನರಸಿಂಹ. ಈ ನರಸಿಂಹನ ಕೈಯಲ್ಲಿರುವುದು ಗುಲಗಂಜಿ. ಕಾಶಿಗಿಂತ ಈ ಕ್ಷೇತ್ರ ಗುಲಗಂಜಿಯಷ್ಟು ತೂಕ ಹೆಚ್ಚೆಂಬುದು ಅದರ ಸಂಕೇತವೆನ್ನುತ್ತಾರೆ ಭಕ್ತರು. ಅಕ್ಕಸಾಲಿಗನಂತೆ ಹಳೆಯ ವೈದ್ಯನೂ ತೂಗುತ್ತಿದ್ದುದು ಗುಲಗಂಜಿಯಿಂದಲೇ. ಕೆಂಪು ಮೈ, ಕಪ್ಪು ಮೂತಿಯ ಆ ಚೆಲುವಾದ ಬೀಜ ಸ್ವತಃ ಘೋರ ವಿಷ. ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ತಕ್ಕಡಿಯ ತಟ್ಟೆಯಲ್ಲಿ ಕುಳಿತಾಗ ಮಾತ್ರ ಅದು ಲವಂಗದ ಅಳತೆ ಹೇಳುತ್ತದೆ.

ಸಂಜೆ ಸಂಗಮದ ಮೆಟ್ಟಿಲುಗಳ ಮೇಲೆ ಯಾತ್ರಿಕರು ತಂದ ಬುತ್ತಿ ಬಿಚ್ಚುತ್ತಾರೆ. ಹಿತ್ತಾಳೆಯ ತಂಬಿಗೆಯಲ್ಲಿ ಬೆಳಗಿನ ಪಾನಕ ಇನ್ನಷ್ಟು ಉಳಿದಿರುತ್ತದೆ. ಮುದುಕಿಯೊಬ್ಬಳು ಮುಚ್ಚಳ ತೆಗೆದು ಮೂಸಿ ನೋಡಿ, ಒಂದು ತೊಟ್ಟನ್ನು ನಾಲಿಗೆಗೆ ಬಿಟ್ಟುಕೊಂಡು, “ಇನ್ನೂ ಕೆಟ್ಟಿಲ್ಲ, ಕುಡಿ ಮಗು” ಎಂದು ಮೊಮ್ಮಗನಿಗೆ ಲೋಟ ನೀಡುತ್ತಾಳೆ.